ಮೇಲ್ಮುಖ ಹುರುಪೆಯ ಅಸುರ

ಗುದೈಬಿಯಾ, ಬಹ್ರೈನ್
7 ಫೆಬ್ರವರಿ 2025, ಶುಕ್ರವಾರ

ಎರಡು ಬಾಲ ಸ್ಟುಡಿಯೋ, ಬೆಂಗಳೂರು

ಮಾನ್ಯರೇ,

ನಿಮ್ಮ ಪೆಟ್ಟಿಗೆಯೊಳಗೆ ಒಂದು ಚೀಟಿ ಇತ್ತು. "ಗೊಂಬೆ ಹೇಗಿದೆ? ಮುಚ್ಚುಮರೆ ಇಲ್ಲದೆ ಪತ್ರ ಬರೆಯಿರಿ. ಎರಡನೇ ಕಂತಿನಲ್ಲಿ ತಿದ್ದಿಕೊಳ್ಳುತ್ತೇವೆ." ಅದನ್ನು ಬರೆದವರು ಯಾರೋ, ದೇವರು ಅವರಿಗೆ ಒಳ್ಳೆಯದು ಮಾಡಲಿ. ನನಗೆ ಬೇರೆ ರೀತಿ ಬರೆಯಲು ಬರುವುದೇ ಇಲ್ಲ.

"ಅಳಿವೆಯ ಅಸುರ" ಸಿನೆಮಾ ಬಂದದ್ದು 1987ರಲ್ಲಿ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ನೀರು ಸೀಳಿ ಎದ್ದು ಬರುವ ಆ ಅಸುರನನ್ನು ನಮ್ಮ ಕರಾವಳಿಯವರು ಯಾರೂ ಮರೆತಿಲ್ಲ. ಮೂವತ್ತೆಂಟು ವರ್ಷ ಆದ ಮೇಲೆ ಅವನದೊಂದು ಗೊಂಬೆ ಬರ್ತದೆ ಅಂತ ಗೊತ್ತಾದಾಗ ನಾನು ಮೊದಲ ದಿನವೇ ಹೆಸರು ಕೊಟ್ಟೆ. ಮುಹರ್ರಕ್‌ನಲ್ಲಿ ಕಸ್ಟಮ್ಸಿನವ ಪೆಟ್ಟಿಗೆ ಬಿಚ್ಚಿ "ಶಿನು ಹಾದಾ, ಇದೆಂತದು? ಮೊಮ್ಮಕ್ಕಳಿಗಾ?" ಅಂತ ಕೇಳಿದ. "ಅಲ್ಲ, ನನಗೇ" ಅಂದೆ. ಅವ ನನ್ನ ನರೆಗೂದಲು ನೋಡಿದ, ಗೊಂಬೆ ನೋಡಿದ, ಮುದ್ರೆ ಒತ್ತಿದ. ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಮೇಜಿನ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದೀರಿ ಮಾರಾಯ್ರೆ!

ಮೊದಲು ಹೊಟ್ಟೆ. ನಿಮ್ಮವನಿಗೆ ಇಲ್ಲಿನ ಜಿಮ್ಮಿನ ಹುಡುಗರ ಹಾಗೆ ಆರು ತುಂಡಿನ ಹೊಟ್ಟೆ. ಸಿನೆಮಾದ ಅಸುರನಿಗೆ ಬೊಜ್ಜಿತ್ತು. ವೇಷದ ಒಳಗಿದ್ದವ ಕೊರಗಣ್ಣ, ಬೋಟಿನಿಂದ ಮೀನಿನ ಬುಟ್ಟಿ ಇಳಿಸುವವ. ಮೂರು ಹೊತ್ತು ಕುಚಲಕ್ಕಿ ಗಂಜಿ ಉಂಡ ಹೊಟ್ಟೆ ಅದು. ಆ ಹೊಟ್ಟೆ ನೋಡಿಯೇ ನಮಗೆ ಹೆದರಿಕೆ ಆದದ್ದು, ಇವ ನಿಜವಾಗಿ ತಿನ್ನುವವ ಅಂತ.

ಮತ್ತೆ ಹಲ್ಲು. ಇಪ್ಪತ್ತೆಂಟು ಹಲ್ಲು, ಎಲ್ಲ ಒಂದೇ ಅಳತೆ, ಒಂದೇ ಬಿಳಿ. ನಾನು ಇಲ್ಲಿ ಮೂವತ್ತೆರಡು ವರ್ಷದಿಂದ ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವುದು. ನನ್ನ ಹತ್ತಿರ ಹಲ್ಲಿನ ಸುಳ್ಳು ನಡೆಯುವುದಿಲ್ಲ. ಅಸುರನಿಗೆ ಇಪ್ಪತ್ತಮೂರು ಹಲ್ಲು. ಮೇಲೆ ಹದಿಮೂರು, ಕೆಳಗೆ ಹತ್ತು, ಒಂದಕ್ಕೊಂದು ಜೋಡಿ ಅಲ್ಲ. ಬಣ್ಣ ಹಳೇ ಚಹಾ ಕಪ್ಪಿನ ಒಳಗಿನ ಬಣ್ಣ. ನಿಮ್ಮವ ಬಾಯಿ ತೆರೆದರೆ ಟೂತ್‌ಪೇಸ್ಟ್ ಮಾರಲು ಬಂದ ಹಾಗೆ ಕಾಣ್ತಾನೆ. ಕೈಗೊಂದು ಗದೆ ಬೇರೆ ಕೊಟ್ಟಿದ್ದೀರಿ. ಗದೆ ಯಾಕೆ? ಯಕ್ಷಗಾನಕ್ಕೆ ಹೊರಟಿದ್ದಾನಾ?

ಇದನ್ನೆಲ್ಲ ಕ್ಷಮಿಸಿಯೇನು. ಹುರುಪೆಯ ವಿಷಯದಲ್ಲಿ ಕ್ಷಮೆ ಇಲ್ಲ. ಅಸುರನ ಮೈಮೇಲಿನ ಹುರುಪೆ ಮೀನಿನದ್ದರ ಹಾಗೆ ಕೆಳಮುಖ ಅಲ್ಲ, ಮೇಲ್ಮುಖ. ಒಂದೊಂದೂ ಅಂಗಿಯ ಕಿಸೆಯ ಹಾಗೆ ಮೇಲಕ್ಕೆ ಬಾಯಿ ತೆರೆದಿರ್ತದೆ. ನೀರಿನಿಂದ ಎದ್ದಾಗ ಅಷ್ಟರಲ್ಲೂ ನೀರು ತುಂಬಿರ್ತದೆ, ಹೆಜ್ಜೆಗೊಮ್ಮೆ ಚೆಲ್ಲುತ್ತದೆ, ಆ ಭಾರಕ್ಕೆ ಅವನ ನಡಿಗೆ ನಿಧಾನ. ಆ ನಡಿಗೆಯೇ ಅಸುರ. ನೀವು ಎಲ್ಲವನ್ನೂ ಕೆಳಕ್ಕೆ ಬಾಚಿ ಮಲಗಿಸಿದ್ದೀರಿ. ಈಗ ಅವನು ಕಾಲು ಮೂಡಿದ ಕಾಣೆ ಮೀನು.

ಎರಡನೇ ಕಂತಿನಲ್ಲಿ ಹುರುಪೆ ತಿರುಗಿಸಿ. ನಾನು ಕೇಳುವುದು ಇಷ್ಟೇ. ಪೆಟ್ಟಿಗೆಯ ಹಿಂದೆ "ಮೂಲ ವಿನ್ಯಾಸ: ನಿರ್ದೇಶಕರು" ಅಂತ ಅಚ್ಚು ಹಾಕಿದ್ದೀರಿ, ಆ ಮಾತು ಈಗ ಬೇಡ. ಈ ಪತ್ರವನ್ನು ಅಸುರನ ಅಭಿಮಾನಿಗಳ ಫೇಸ್‌ಬುಕ್ ಗುಂಪಿನಲ್ಲೂ ಹಾಕಿದ್ದೇನೆ. ಹುರುಪೆ ತಿರುಗಿದ ದಿನ ತೆಗೀತೇನೆ, ಅದಕ್ಕಿಂತ ಮೊದಲು ಇಲ್ಲ.

ಸಿ. ಕ್ರಾಸ್ತಾ


ಬೆಂಗಳೂರು
20 ಫೆಬ್ರವರಿ 2025

ಪ್ರಿಯ ಕ್ರಾಸ್ತಾ ಸರ್,

ನಿಮ್ಮ ಪತ್ರ ತಲುಪಿದೆ. ಎರಡು ಬಾಲ ಸ್ಟುಡಿಯೋ ಮೇಲೆ ತಾವು ಇಟ್ಟಿರುವ ಪ್ರೀತಿಗೆ ಧನ್ಯವಾದಗಳು. ತಮ್ಮಂಥ ಹಿರಿಯ ಸಂಗ್ರಾಹಕರ ಅಭಿಪ್ರಾಯ ನಮಗೆ ಮುಖ್ಯ.

ಹಲ್ಲಿನ ಸಂಖ್ಯೆ ಮತ್ತು ಗದೆಯ ಬಗ್ಗೆ ತಂಡದ ಗಮನಕ್ಕೆ ತಂದಿದ್ದೇವೆ. ಹುರುಪೆಯ ವಿಷಯದಲ್ಲಿ ಒಂದು ಸ್ಪಷ್ಟನೆ. ಮೂಲ ವೇಷದಲ್ಲಿ ಅದು ಉಲ್ಟಾ ಇದ್ದದ್ದು ಆ ಕಾಲದ ಒಂದು ತಪ್ಪು. ಯಾವ ಜಲಚರದ ಹುರುಪೆಯೂ ತಲೆಯ ಕಡೆಗೆ ತೆರೆದಿರುವುದಿಲ್ಲ. ನಿರ್ದೇಶಕರು ಈಗಿಲ್ಲ, ಹಾಗಾಗಿ ಅವರ ಮಗನ ಒಪ್ಪಿಗೆ ಪಡೆದು ಆ ತಪ್ಪನ್ನು ಸರಿಪಡಿಸಿದ್ದೇವೆ.

ತಮ್ಮ ವಿಮರ್ಶೆಯನ್ನು ಗುಂಪಿನಲ್ಲಿ ನಾಲ್ಕು ಸಾವಿರ ಜನ ಹಂಚಿಕೊಂಡಿದ್ದಾರೆ. ಎರಡನೇ ಕಂತಿಗೆ ಹೆಸರು ಕೊಟ್ಟಿದ್ದವರು ಹಿಂದೆ ಸರಿಯುತ್ತಿದ್ದಾರೆ. ದಯವಿಟ್ಟು ಅದನ್ನು ತೆಗೆಯಬೇಕೆಂದು ನಮ್ಮ ಮಾಲೀಕರು ಕೋರಿದ್ದಾರೆ. ಕೃತಜ್ಞತೆಯಾಗಿ ಅಸುರನ ಚಿತ್ರ ಇರುವ ಕಾಫಿ ಮಗ್ ಒಂದನ್ನು ಕಳುಹಿಸಿಕೊಡುತ್ತೇವೆ ಸರ್.

ವಿಶ್ವಾಸದಿಂದ,
ನವ್ಯಶ್ರೀ
ಗ್ರಾಹಕ ಸಂಪರ್ಕ


ಗುದೈಬಿಯಾ
22 ಫೆಬ್ರವರಿ 2025

ನವ್ಯಶ್ರೀಯವರೇ,

ಸರ್ ಅಂತೆ, ಸರ್! ನಾನು ಕ್ಲೊಟಿಲ್ಡಾ. ಐವತ್ತೊಂಬತ್ತು ವರ್ಷದ ಹೆಂಗಸು. ರಾಕ್ಷಸನ ಹಲ್ಲು ಎಣಿಸುವವರು ಗಂಡಸರೇ ಆಗಬೇಕು ಅಂತ ಹೆಣ್ಣುಮಗಳಾದ ನೀವೂ ನಂಬಿದಿರಲ್ಲ, ಅದು ನನಗೆ ಬೇಜಾರು. ಮಗ್ ನಿಮ್ಮಲ್ಲೇ ಇರಲಿ.

ಹುರುಪೆ ಉಲ್ಟಾ ಆದದ್ದು ತಪ್ಪು ಅಂತ ಬರೆದಿದ್ದೀರಿ. ಹೌದು, ತಪ್ಪು. ಅದು ಯಾರ ತಪ್ಪು ಅಂತ ಗೊತ್ತುಂಟಾ ನಿಮಗೆ? ನನ್ನದು. ಆ ವೇಷ ಮಾಡಿದವಳು ನಾನು. ನಾನು ಮಾಡಿದ ತಪ್ಪನ್ನು ನನ್ನನ್ನು ಕೇಳದೆ ತಿದ್ದಲು ನೀವು ಯಾರು?

ಹೇಳ್ತೇನೆ, ಕೇಳಿ. ನನಗಾಗ ಇಪ್ಪತ್ತೊಂದು. ಉಡುಪಿಯಲ್ಲಿ ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದೆ. ಸಿನೆಮಾದವರು ರಾಕ್ಷಸನಿಗೆ ಹಲ್ಲು ಮಾಡಿಕೊಡಿ ಅಂತ ಬಂದರು. ದೊಡ್ಡವರೆಲ್ಲ ನಕ್ಕು ಕಳಿಸಿದರು. ನಾನು ಹಿಂದಿನಿಂದ ಓಡಿ ಹೋಗಿ, ನಾನು ಮಾಡ್ತೇನೆ ಅಂದೆ. ಹಲ್ಲಿನ ಸೆಟ್ಟಿಗೆ ಹಾಕುವ ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದು, ಚಹಾ ಕಷಾಯದಲ್ಲಿ ಎರಡು ದಿನ ಮುಳುಗಿಸಿಟ್ಟೆ. ನಿರ್ದೇಶಕರು ನೋಡಿ, "ಮೈಯನ್ನೂ ನೀನೇ ಮಾಡ್ತೀಯಾ?" ಅಂತ ಕೇಳಿದರು. ಕೈಯಲ್ಲಿ ಹದಿನೈದು ದಿನ ಇತ್ತು. ಹೂಂ ಅಂದುಬಿಟ್ಟೆ, ಆ ಪ್ರಾಯದಲ್ಲಿ ಎಲ್ಲದಕ್ಕೂ ಹೂಂ.

ಟಾರ್ಪಾಲಿನಲ್ಲಿ ಮೈಯ ಅಂಗಿ ಹೊಲಿದೆ, ಕಾಲಿಗೆ ಗಂಬೂಟು ಸೇರಿಸಿದೆ. ಪಂಕ್ಚರ್ ಅಂಗಡಿಗಳಿಂದ ಹಳೇ ಲಾರಿ ಟ್ಯೂಬು ತಂದು ಹುರುಪೆ ಕತ್ತರಿಸಿದೆ. ಎರಡು ಸಾವಿರದ ಮುನ್ನೂರು. ಕುತ್ತಿಗೆಯ ಕಡೆ ಹೊಲಿಗೆ ಇನ್ನೂ ಗಟ್ಟಿ ಆಗಿರಲಿಲ್ಲ, ಹಾಗಾಗಿ ಗಂಬೂಟಿಗೆ ಹಗ್ಗ ಕಟ್ಟಿ, ಮನೆಯ ತೊಲೆಗೆ ವೇಷವನ್ನು ತಲೆಕೆಳಗಾಗಿ ನೇತುಹಾಕಿ ಅಂಟಿಸಲು ಕೂತೆ.

ನನ್ನ ಅಪ್ಪನದು ಹಂಚು ಹೊದೆಸುವ ಕೆಲಸ. ಸಣ್ಣದಿರುವಾಗಿನಿಂದ ಏಣಿಯ ಮೇಲೆ ನಿಂತು ಅಪ್ಪನ ಕೈಗೆ ಹಂಚು ಕೊಟ್ಟವಳು ನಾನು. ಮಾಡಿಗೆ ಹಂಚು ಹೊದೆಸುವಾಗ ಕೆಳಗಿನ ಸಾಲಿನಿಂದ ಶುರು ಮಾಡಬೇಕು, ಮೇಲಿನ ಸಾಲು ಕೆಳಗಿನದ್ದರ ಮೇಲೆ ಕೂರಬೇಕು. ಕೈಗೆ ಗೊತ್ತಿದ್ದದ್ದು ಅದೇ. ಕೆಳಗಿನಿಂದ ಶುರು ಮಾಡಿದೆ, ಹಂಚಿನ ಹಾಗೆ ಸಾಲು ಸಾಲು ಅಂಟಿಸಿ ಮೇಲೆ ಹೋದೆ. ಎಂಥಾ ಚಂದ ಬಂತು ಅಂತೀರಿ! ಹದಿನಾಲ್ಕನೇ ದಿನ ಕೆಳಗಿಳಿಸಿ ಕೊರಗಣ್ಣನಿಗೆ ತೊಡಿಸಿ ನಿಲ್ಲಿಸಿದೆವು. ತಲೆಕೆಳಗಾಗಿ ತೂಗುವಾಗ ಕೆಳಗಿದ್ದದ್ದು ಕುತ್ತಿಗೆ ಅಲ್ಲವಾ? ಅವ ನೆಟ್ಟಗೆ ನಿಂತದ್ದೇ, ಎರಡು ಸಾವಿರದ ಮುನ್ನೂರು ಹುರುಪೆಯೂ ಆಕಾಶ ನೋಡಿ ಬಾಯಿ ಕಳೆದವು.

ನಾನು ಅಂಗಳದಲ್ಲಿ ಕೂತು ಬೊಬ್ಬೆ ಹಾಕಿ ಅತ್ತೆ. ಬದಲಿಸಲು ಸಮಯ ಇಲ್ಲ. ಮರುದಿನ ಹಾಗೆಯೇ ನೀರಿಗಿಳಿಸಿದರು. ಕೊರಗಣ್ಣ ಮುಳುಗಿ ಎದ್ದಾಗ ಅವನ ಮೈಮೇಲೆ ಮೂವತ್ತು ಕೊಡ ನೀರಿನ ಭಾರ ಇತ್ತೋ ಏನೋ, ಒಂದೊಂದು ಹೆಜ್ಜೆಗೂ ಮೈಯೆಲ್ಲ ಸುರಿಯುತ್ತಾ, ಓಲಾಡುತ್ತಾ ಬಂದ. ದಡದಲ್ಲಿದ್ದ ಲೈಟ್ ಹಿಡಿದವ ಹೆದರಿ ಲೈಟ್ ಬಿಟ್ಟು ಓಡಿದ. ಅಸುರ ಹುಟ್ಟಿದ್ದು ಹಾಗೆ.

ಪರದೆಯ ಮೇಲೆ ನನ್ನ ಹೆಸರು ಬರಲಿಲ್ಲ. ಯಾರೂ ಕೇಳಲಿಲ್ಲ. ಈಗ ನಿಮ್ಮ ಪೆಟ್ಟಿಗೆಯಲ್ಲೂ ಇಲ್ಲ. ಇರಲಿ, ಹುರುಪೆ ತಿರುಗಿಸಿ. ವಿಮರ್ಶೆ ತೆಗೆಯುವುದಿಲ್ಲ.

ಕ್ಲೊಟಿಲ್ಡಾ


ಬೆಂಗಳೂರು
12 ಮಾರ್ಚ್ 2025

ಕ್ಲೊಟಿಲ್ಡಾ ಮೇಡಂ,

ಸರ್ ಅಂದದ್ದಕ್ಕೆ ಕ್ಷಮಿಸಿ. ಆ ಮಾತು ಓದಿ ನನಗೆ ನಿಜಕ್ಕೂ ನಾಚಿಕೆ ಆಯ್ತು.

ನಿಮ್ಮ ಪತ್ರವನ್ನು ಮಾಲೀಕರಿಗೆ ತೋರಿಸಿದೆ. ಅಸುರನ ವೇಷ ಮಾಡಿದ್ದು ತಾವೇ ಅಂತ ಈ ವರ್ಷ ಹೇಳಿಕೊಂಡವರಲ್ಲಿ ನೀವು ಮೂರನೆಯವರಂತೆ. "ಫೋಟೋ ಇದೆಯಾ, ಕರಾರು ಪತ್ರ ಇದೆಯಾ ಕೇಳು, ಇಲ್ಲದಿದ್ರೆ ಕಥೆ ಕಟ್ಟೋದು ಬೇಡ ಅನ್ನು" ಅಂದರು. ಇದರ ಜೊತೆಗಿರುವ ವಕೀಲರ ನೋಟಿಸನ್ನು ಕಳಿಸಲು ನನಗೇ ಹೇಳಿದ್ದಾರೆ. ಹದಿನೈದು ದಿನದೊಳಗೆ ವಿಮರ್ಶೆ ತೆಗೆಯದಿದ್ದರೆ ಮಾನನಷ್ಟದ ದಾವೆ ಹೂಡುತ್ತಾರಂತೆ. ನಿಮ್ಮ ಲ್ಯಾಬಿನ ವಿಳಾಸಕ್ಕೂ ಒಂದು ಪ್ರತಿ ಹೋಗಿದೆ. ಅದು ಹೋಗಬಾರದಿತ್ತು. ನಾನು ತಡೆಯಲಿಲ್ಲ.

ಇದು ಕಂಪನಿಯ ಪ್ರಶ್ನೆ ಅಲ್ಲ, ನನ್ನದು: ಟ್ಯೂಬಿನ ತುಂಡು ಉಪ್ಪು ನೀರಿನಲ್ಲಿ ಕಿತ್ತು ಬರಲಿಲ್ವಾ? ಏನು ಹಾಕಿ ಅಂಟಿಸಿದ್ರಿ?

ನವ್ಯಶ್ರೀ


ಗುದೈಬಿಯಾ
15 ಮಾರ್ಚ್ 2025

ನವ್ಯಶ್ರೀ,

ಈಗ ನಮ್ಮ ತಪಸ್ಸುಕಾಲ, ಈಸ್ಟರಿಗೆ ಮೊದಲಿನ ನಲವತ್ತು ದಿನ ಸಿಟ್ಟು ಮಾಡಬಾರದು. ಹಾಗಾಗಿ ನಿನ್ನೆ ಬರೆಯದೆ ಇವತ್ತು ಬರೆಯುತ್ತಿದ್ದೇನೆ.

ನಿಮ್ಮ ನೋಟಿಸು ಲ್ಯಾಬಿಗೆ ಬಂತು. ಲ್ಯಾಬಿನ ಯಜಮಾನ ಹಿಶಾಮ್, ಇಲ್ಲಿಯವರೇ. ರಂಝಾನಿನ ಉಪವಾಸ, ಮುಖ ಬಾಡಿತ್ತು. ನೋಟಿಸು ಓದಿಸಿಕೊಂಡು, ಆ ಗೊಂಬೆ ತಾ ಅಂದರು. ತಂದು ಕೊಟ್ಟೆ. ಬಾಯಿ ಬಿಡಿಸಿ, ದೀಪ ಹಿಡಿದು, ಹಲ್ಲು ನೋಡಿದರು. "ಇಂಥಾ ಹಲ್ಲು ನನ್ನ ಲ್ಯಾಬಿನಿಂದ ಹೊರಗೆ ಹೋದರೆ ನಾನು ಬಾಗಿಲು ಹಾಕಿ ಮನೆಗೆ ಹೋಗ್ತೇನೆ" ಅಂದರು. ನೋಟಿಸಿನ ಮೇಲೆ ಮೇಣದ ಡಬ್ಬಿ ಇಟ್ಟು ಕೆಲಸಕ್ಕೆ ಕೂತರು. ಅಲ್ಲಿಗೆ ಆ ಕಥೆ ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. ನನ್ನ ಮಗ ವೇಯ್ನ್ ಮೀನಾ ಸಲ್ಮಾನ್ ಬಂದರಿನಲ್ಲಿ ಒಂದು ಗೋದಾಮಿನ ಆಫೀಸಿನಲ್ಲಿರುವುದು. ಓಡಿ ಬಂದ. "ಮಮ್ಮಿ, ಡಿಲೀಟ್ ಮಾಡು. ನಾವು ಪರದೇಶದಲ್ಲಿರುವವರು, ಕೇಸು ಕೋರ್ಟು ಅಂತ ಆದರೆ ವೀಸಾ ಏನಾಗ್ತದೆ? ಒಂದು ಗೊಂಬೆಗಾಗಿ!" ಅಂತ ಬೈದ. ಆಗ ಹೇಳಿದೆ ಅವನಿಗೆ. ಅಷ್ಟರವರೆಗೆ ಅವನಿಗೂ ಗೊತ್ತಿರಲಿಲ್ಲ. ಸಣ್ಣವನಿರುವಾಗ ಹಠ ಮಾಡಿದರೆ ಅಸುರ ಬರ್ತಾನೆ ಅಂತ ನಾನೇ ಹೆದರಿಸಿದ್ದು, ಅವನನ್ನು ಮಾಡಿದ್ದು ನಾನೇ ಅಂತ ಹೇಳಿರಲಿಲ್ಲ. ಅವ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮತ್ತೆ, "ಆದರೂ ಡಿಲೀಟ್ ಮಾಡು" ಅಂದ. ಮಾಡುವುದಿಲ್ಲ ಅಂದೆ. ಹೆದರಿಕೆ ಉಂಟು, ಇಲ್ಲ ಅಂತ ಹೇಳುವುದಿಲ್ಲ. ಹೆದರಿಕೊಂಡೇ ಮಾಡುವುದಿಲ್ಲ.

ಫೋಟೋ ಇಲ್ಲ. ಕರಾರು ಇಲ್ಲ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಕೊಡೆ ಇದ್ದದ್ದೇ ಒಂದು, ಕ್ಯಾಮೆರಾ ಎಲ್ಲಿಂದ? ಆದರೆ ನಿಮ್ಮ ಮಾಲೀಕರಿಗೆ ಸಾಕ್ಷಿ ಬೇಕಾದರೆ ಅಸುರನ ಬಾಯೊಳಗೆ ನೋಡಲಿ. ಹಲ್ಲಿನ ಸೆಟ್ ಮಾಡುವವರು ಅಂಗುಳಿಗೆ ತಾಗುವ ಬದಿಯಲ್ಲಿ ಕೇಸ್ ನಂಬರೂ ರೋಗಿಯ ಹೆಸರೂ ಕೊರೆದಿಡ್ತಾರೆ, ಇಲ್ಲದಿದ್ದರೆ ಒಬ್ಬರ ಸೆಟ್ಟು ಇನ್ನೊಬ್ಬರ ಬಾಯಿಗೆ ಹೋಗ್ತದೆ. ನಾನು ಅದನ್ನೂ ಬಿಡಲಿಲ್ಲ. ಅಸುರನ ತಲೆ ನಿರ್ದೇಶಕರ ಮನೆಯಲ್ಲಿ ಉಂಟು ಅಂತ ಕೇಳಿದ್ದೇನೆ. ಮೇಲಿನ ದವಡೆ ಬಿಚ್ಚಿದರೆ ಹಿಂದುಗಡೆ ಕೇಸ್ 114, ರೋಗಿ: ಅಸುರ, ಕೆಳಗೆ ಇಂಗ್ಲಿಷಿನಲ್ಲಿ ಸಿ. ಸಿ. ಅಂತ ಇರಬೇಕು, ಕ್ರಾಸ್ತಾ ನನ್ನ ಅಪ್ಪನ ಕಡೆಯ ಹೆಸರೇ. ಇಲ್ಲದಿದ್ದರೆ ನಾನು ಸುಳ್ಳುಗಾತಿ. ಹೋಗಿ ನೋಡಿ.

ನಿನ್ನ ಪ್ರಶ್ನೆಗೆ: ಪಂಕ್ಚರಿಗೆ ಹಾಕುವ ಸೊಲ್ಯೂಶನ್. ಎರಡೂ ಬದಿ ಉಜ್ಜಿ ಒರಟು ಮಾಡಬೇಕು, ಹಚ್ಚಿ ಒಣಗಲು ಬಿಡಬೇಕು, ಆಮೇಲೆ ಒತ್ತಬೇಕು. ಅವಸರ ಮಾಡಿದ ಮೊದಲ ಎರಡು ಸಾಲು ಕಿತ್ತು ಬಂದಿತ್ತು. ಗ್ರಾಹಕ ಸಂಪರ್ಕದವಳಿಗೆ ಇದೆಲ್ಲ ಎಂತಕ್ಕೆ?

ಕ್ಲೊಟಿಲ್ಡಾ


ಬೆಂಗಳೂರು
6 ಏಪ್ರಿಲ್ 2025

ಕ್ಲೊಟಿಲ್ಡಾ ಆಂಟಿ,

ಹೀಗೆ ಕರೀಬಹುದಾ?

ಹೋಗಿದ್ದೆ. ನಿರ್ದೇಶಕರ ಮಗನ ಮನೆಯ ಮಹಡಿಯಲ್ಲಿ, ಗಾಜಿನ ಕಪಾಟಿನಲ್ಲಿದೆ ತಲೆ. ಅರ್ಧ ಗಂಟೆ ಬೇಡಿಕೊಂಡ ಮೇಲೆ ಮುಟ್ಟಲು ಬಿಟ್ಟರು. ಮೇಲಿನ ದವಡೆ ಬಿಚ್ಚಿದೆ. 114 ಇದೆ. ಅಸುರ ಅಂತ ಇದೆ. ಸಿ. ಸಿ. ಇದೆ. ಮೂವತ್ತೆಂಟು ವರ್ಷದ ಧೂಳಿನ ಕೆಳಗೆ ನಿನ್ನೆ ಕೊರೆದ ಹಾಗಿತ್ತು. ಫೋಟೋ ಇಟ್ಟಿದ್ದೇನೆ, ನೋಡಿ.

ಮಾಲೀಕರು ಒಪ್ಪಿಕೊಂಡ್ರು. ದಾವೆ ಇಲ್ಲ. ಎರಡನೇ ಕಂತಿನ ಪೆಟ್ಟಿಗೆ ಮೇಲೆ "ಮೂಲ ವೇಷ: ಕ್ಲೊಟಿಲ್ಡಾ ಕ್ರಾಸ್ತಾ" ಅಂತ ದೊಡ್ಡದಾಗಿ ಅಚ್ಚು ಹಾಕ್ತಾರೆ. ಆದರೆ ಗೊಂಬೆಯ ಅಚ್ಚು ಬದಲಾಗಲ್ಲ, ಹುರುಪೆ ಈಗಿರುವ ಹಾಗೇ ಇರುತ್ತೆ. ನೀವು ವಿಮರ್ಶೆ ತೆಗೆದು, ಈ ಗೊಂಬೆ ನನಗೆ ಒಪ್ಪಿಗೆ ಅಂತ ಒಂದು ಸಾಲು ಬರೆದುಕೊಡಬೇಕು. ತಗೊಳ್ಳಿ ಆಂಟಿ. ಪೆಟ್ಟಿಗೆ ತುಂಬ ನಿಮ್ಮ ಹೆಸರು ಇರುತ್ತೆ.

ಇನ್ನೊಂದು ವಿಷಯ. ನಿರ್ದೇಶಕರ ಮಗ ತಮ್ಮ ಅಪ್ಪನ ಅಂದಿನ ಟಿಪ್ಪಣಿ ಪುಸ್ತಕವನ್ನೂ ತೋರಿಸಿದರು. ಅದರಲ್ಲಿ ಒಂದು ಕಡೆ ಹೀಗಿದೆ: "ವೇಷ ಮಾಡಿದ ಹುಡುಗಿಯ ಹೆಸರು ಕೇಳಿದೆ, ಟೈಟಲ್ಲಿಗೆ. ಬೇಡವೇ ಬೇಡ ಅಂದಳು. ಎರಡು ಸಲ ಕೇಳಿದೆ." ಯಾರೂ ಹೆಸರು ಕೇಳಲಿಲ್ಲ ಅಂತ ನೀವು ಬರೆದಿದ್ರಿ. ನಾನು ಅದನ್ನ ನಂಬಿ ಎಲ್ಲರ ಹತ್ತಿರ ಜಗಳ ಆಡಿದ್ದೆ.

ಯಾವುದು ನಿಜ?

ನವ್ಯಶ್ರೀ


ಗುದೈಬಿಯಾ
2 ಮೇ 2025, ಶುಕ್ರವಾರ

ನವ್ಯಶ್ರೀ ಮಗಾ,

ಈಸ್ಟರ್ ಬಂತು, ಕೆಲಸ ಹೆಚ್ಚಿತ್ತು, ಅದಕ್ಕೆ ತಡ ಆಯಿತು ಅಂತ ಬರೆಯಬಹುದು. ಸುಳ್ಳು ಒಂದು ಸಾಕು. ನಾಚಿಕೆಯಿಂದ ಬರೆಯಲಿಲ್ಲ.

ಪುಸ್ತಕದಲ್ಲಿರುವುದು ನಿಜ. ಅವರು ಕೇಳಿದರು. ನಮ್ಮ ಅಂಗಳದಲ್ಲಿ ನಿಂತು ಪುಸ್ತಕ ಬಿಡಿಸಿ, "ಪೂರ್ತಿ ಹೆಸರು ಹೇಳಮ್ಮ" ಅಂದರು. ಅಪ್ಪ ಬೇಡ ಅನ್ನಲಿಲ್ಲ, ಅಮ್ಮ ಬೇಡ ಅನ್ನಲಿಲ್ಲ. ನಾನೇ ಅಂದದ್ದು. ಯಾಕೆ ಗೊತ್ತುಂಟಾ? ಹುರುಪೆ ಉಲ್ಟಾ ಆಗಿತ್ತಲ್ಲ, ಅದಕ್ಕೆ. ಊರಿಡೀ ನೋಡ್ತದೆ, ಹಂಚಿನವನ ಮಗಳಿಗೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲ ಅಂತ ನಗ್ತದೆ, ಆ ತಪ್ಪಿನ ಅಡಿಯಲ್ಲಿ ನನ್ನ ಹೆಸರು ಇರುವುದು ಬೇಡ ಅಂತ. ಎರಡನೇ ಸಲ ಕೇಳಿದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಿನೆಮಾ ಬಂತು. ಟಾಕೀಸಿನಲ್ಲಿ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಅವನು ನೀರಿನಿಂದ ಎದ್ದ. ಅಷ್ಟು ಜನ ಇದ್ದ ಟಾಕೀಸಿನಲ್ಲಿ ಒಂದು ಕೆಮ್ಮು ಇಲ್ಲ. ನೀರು ಸುರಿಯುವ ಸದ್ದು ಮಾತ್ರ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡಳು, ಯಾರೋ ಏನೋ, ಉಗುರು ಚುಚ್ಚುವಷ್ಟು ಗಟ್ಟಿಯಾಗಿ. ನನ್ನ ತಪ್ಪು ಎಂಥಾದ್ದು ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ಹೆಸರಿನ ಹೊತ್ತು ಮುಗಿದಿತ್ತು. ಮತ್ತೆ ಮದುವೆ, ಬಹ್ರೈನ್, ವೇಯ್ನ್, ಅವನಪ್ಪ ಹೋದದ್ದು, ಎಲ್ಲ ಆಯಿತು. ಕೇಳದೇ ಹೋದರು ಅಂತ ನನಗೆ ನಾನೇ ಹೇಳಿಕೊಂಡು ಹೇಳಿಕೊಂಡು, ಕಡೆಗೆ ನಾನೇ ನಂಬಿದೆ. ನಿನ್ನ ಹತ್ತಿರ ಸುಳ್ಳು ಹೇಳಿದ್ದಕ್ಕೆ ಕ್ಷಮಿಸು.

ಈಗ ನಿಮ್ಮ ಮಾಲೀಕರ ಮಾತು. ಆ ಹುಡುಗಿ ತಪ್ಪಿಗೆ ನಾಚಿ ಹೆಸರು ಬೇಡ ಅಂದಳು. ಅವರು ಆ ತಪ್ಪನ್ನು ಒರೆಸಿ, ಅದರ ಮೇಲೆ ಅವಳ ಹೆಸರು ಬರೀತಾರಂತೆ. ನಾನು ಒಪ್ಪಿಗೆ ಅಂತ ಸಹಿ ಹಾಕಿದರೆ, ನೀನು ನಾಚಿಕೊಂಡದ್ದು ಸರಿ, ಬಾಗಿಲು ಹಾಕಿಕೊಂಡದ್ದು ಸರಿ ಅಂತ ಆ ಇಪ್ಪತ್ತೊಂದರ ಹುಡುಗಿಗೆ ನಾನೇ ಹೇಳಿದ ಹಾಗೆ. ಹೇಳುವುದಿಲ್ಲ. ನನ್ನ ಹೆಸರು ಹುರುಪೆ ಸರಿ ಇರುವ ಅಸುರನ ಮೇಲೆ ಬರಲಿ, ಇಲ್ಲದಿದ್ದರೆ ಬರುವುದೇ ಬೇಡ. ನಿರ್ದೇಶಕರ ಹೆಸರೇ ಹಾಕಿಕೊಳ್ಳಿ. ಅವರ ಮಗನದ್ದು ಹಾಕಿ, ನಾಯಿ ಇದ್ದರೆ ಅದರದ್ದೂ ಹಾಕಿ.

ವೇಯ್ನಿಗೆ ಓದಿ ಹೇಳಿದೆ. "ಮಮ್ಮಿ, ಹೆಸರು ಕೊಡ್ತೇನೆ ಅಂತಾರೆ, ಅದೂ ಬೇಡವಾ?" ಅಂತ ತಲೆ ಚಚ್ಚಿಕೊಂಡ. ಬೇಡ. ವಿಮರ್ಶೆ ಇದ್ದಲ್ಲಿಯೇ ಇರ್ತದೆ.

ನೀನು ಆಂಟಿ ಅಂತಲೇ ಕರಿ.

ಕ್ಲೊಟಿಲ್ಡಾ


ಬೆಂಗಳೂರು
30 ಮೇ 2025

ಆಂಟಿ,

ಎರಡನೇ ಕಂತು ಹೋದ ವಾರ ಬಂತು. ಪೆಟ್ಟಿಗೆ ಮೇಲೆ ನಿರ್ದೇಶಕರ ಹೆಸರೇ ಇದೆ. ಹುರುಪೆ ಕೆಳಮುಖ. ಗದೆ ತೆಗೆದಿದ್ದಾರೆ, ಅದೊಂದೇ ಬದಲಾವಣೆ. ನೀವು ಸೋತ್ರಿ ಅಂತ ಮಾಲೀಕರು ಆಫೀಸಲ್ಲಿ ಸಿಹಿ ಹಂಚಿದ್ರು. ನಾನು ತಗೊಳ್ಳಲಿಲ್ಲ.

ನಿಮ್ಮಿಂದ ನಾನೂ ಒಂದು ಮುಚ್ಚಿಟ್ಟಿದ್ದೆ. ನಾನು ಗ್ರಾಹಕ ಸಂಪರ್ಕದವಳಲ್ಲ. ಪತ್ರ ಬರೆಯೋ ಕೆಲಸ ಬೇರೆ ಯಾರೂ ಇಲ್ಲ ಅಂತ ನನ್ನ ತಲೆಗೆ ಕಟ್ಟಿದ್ದು. ಆ ಗೊಂಬೆ ಮಾಡಿದ್ದು ನಾನು. ನೀವು ಮೊದಲ ಪತ್ರದಲ್ಲಿ ಬೈದದ್ದೆಲ್ಲ ನನ್ನ ಕೈಯ ಕೆಲಸಕ್ಕೆ.

ಆದರೆ ನನ್ನ ಮೊದಲ ಜೇಡಿ ಮಾದರಿಯಲ್ಲಿ ಹುರುಪೆ ಮೇಲ್ಮುಖ ಇತ್ತು ಆಂಟಿ. ಸಿನೆಮಾವನ್ನ ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದೊಂದನ್ನೂ ಹಾಗೇ ಕೂರಿಸಿದ್ದೆ. ಹೊಟ್ಟೆ ಕೂಡ ಕೊರಗಣ್ಣನದೇ ಹೊಟ್ಟೆ. ಮಾಲೀಕರು ನೋಡಿ, "ಏನಮ್ಮಾ, ಮೀನು ನೋಡಿಲ್ವಾ ನೀನು? ಜನ ನಗ್ತಾರೆ" ಅಂದ್ರು. ಅದು ಹಾಗೇ ಇರಬೇಕು ಅಂತ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಹೊಸದು ಮಾಡಿಕೊಟ್ಟೆ. ನಿಮ್ಮ ವಿಮರ್ಶೆ ಬಂದ ದಿನ ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಬೈಸಿಕೊಂಡದ್ದಕ್ಕಲ್ಲ. ನಾನು ಹೇಳಬೇಕಾಗಿದ್ದ ಮಾತನ್ನ ಬಹ್ರೈನಿಂದ ಯಾರೋ ಹೇಳಿದ್ರಲ್ಲ, ಅದಕ್ಕೆ.

ನಿಮ್ಮ ಮೇ ಎರಡರ ಪತ್ರವನ್ನ ಬಹಳ ಸಲ ಓದಿದೆ. ಸೋಮವಾರ ಮಾಲೀಕರ ಕೋಣೆಗೆ ಹೋಗಿ, ಆ ವಿಮರ್ಶೆಯಲ್ಲಿ ಇರುವ ಪ್ರತಿ ಮಾತೂ ಸರಿ, ತಪ್ಪು ಮಾಡಿಸಿದ್ದು ನೀವು, ಮಾಡಿದ್ದು ನಾನು ಅಂತ ಹೇಳಿದೆ. ಗುಂಪಿನಲ್ಲೂ ನಿಮ್ಮ ವಿಮರ್ಶೆಯ ಕೆಳಗೆ ನನ್ನ ಹೆಸರು ಹಾಕಿ ಅದನ್ನೇ ಬರೆದೆ. ಕೆಲಸ ಹೋಯ್ತು. ಬೇರೆ ಹುಡುಕ್ತಿದೀನಿ, ಸಿಗುತ್ತೆ.

ಬರುವಾಗ ಆ ಮೊದಲ ಮಾದರಿಯನ್ನ ಚೀಲದಲ್ಲಿ ಹಾಕ್ಕೊಂಡು ಬಂದೆ. ಅದು ಬೇಡ ಅಂತ ಅವರೇ ಕಸಕ್ಕೆ ಹಾಕಲು ಹೇಳಿದ್ದು. ಒಂದೇ ಒಂದು ಇದೆ, ಪೆಟ್ಟಿಗೆ ಇಲ್ಲ, ಕಂಪನಿ ಇಲ್ಲ. ಅದನ್ನ ಗಟ್ಟಿ ಎರಕದಲ್ಲಿ ತೆಗೆದು ಬಣ್ಣ ಹಾಕ್ತೀನಿ. ಹಲ್ಲು ಮಾತ್ರ ನನ್ನಿಂದ ಆಗ್ತಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಚಂದ ಬಂತು.

ನೀವು ಮಾಡಿಕೊಡ್ತೀರಾ?

ನವ್ಯಶ್ರೀ


ಗುದೈಬಿಯಾ
3 ಜೂನ್ 2025

ನವ್ಯಶ್ರೀ,

ನಿನ್ನ ಪತ್ರ ಲ್ಯಾಬಿನಲ್ಲಿ ಓದಿದೆ. ಕಣ್ಣು ಒರೆಸಿಕೊಳ್ಳುವುದನ್ನು ಹಿಶಾಮ್ ನೋಡಿ, ಊರಿನಲ್ಲಿ ಯಾರಾದರೂ ತೀರಿಹೋದರಾ ಅಂತ ಕೇಳಿದರು. ಅಲ್ಲ, ಒಬ್ಬಳು ಬಾಯಿ ಬಿಟ್ಟಳು ಅಂದೆ.

ಕೆಲಸ ಹೋದದ್ದಕ್ಕೆ ಬೇಜಾರುಂಟು. ಬಾಯಿ ಬಿಟ್ಟದ್ದಕ್ಕೆ ಇಲ್ಲ. ನಿನಗೆ ಒಂದು ವರ್ಷ ಹಿಡಿಯಿತು, ನನಗೆ ಮೂವತ್ತೆಂಟು ಹಿಡಿಯಿತು, ನೀನು ವಾಸಿ.

ಹಲ್ಲಿನ ವಿಷಯ. ದವಡೆಯ ಅಳತೆ ತೆಗೆದು ಕಳಿಸು, ಮೇಲಿನದ್ದು ಬೇರೆ, ಕೆಳಗಿನದ್ದು ಬೇರೆ. ಅಳತೆ ತೆಗೆಯುವಾಗ ಒತ್ತಬೇಡ, ತಾನಾಗಿ ಕೂರಲು ಬಿಡು. ಪೂರ್ತಿ ಗಟ್ಟಿ ಆಗುವ ಮೊದಲು ಎಳೆಯಬೇಡ. ಹತ್ತಿಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕು. ನಿನ್ನ ಮೂರು ಸಲದ ಚಂದದ ಹಲ್ಲನ್ನೂ ಹಾಕು, ಎಲ್ಲಿ ತಪ್ಪಿದೆ ನೋಡಿ ಹೇಳ್ತೇನೆ.

ಇದು ಪೂರ್ತಿ ಆದ ಮೇಲೆ ಗುಂಪಿನಲ್ಲಿ ಇದರದ್ದೂ ವಿಮರ್ಶೆ ಬರೀತೇನೆ. ನಾವೇ ಮಾಡಿದ್ದು ಅಂತ ಬಿಡುವುದಿಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೇ ಬರೀತೇನೆ, ಮಾಡಿದವರ ಹೆಸರು ಎರಡೂ ಪೂರ್ತಿಯಾಗಿ ಮೇಲೆ ಹಾಕಿ ಬರೀತೇನೆ. ನಗುವವರು ನಗಲಿ.

ಕ್ಲೊಟಿಲ್ಡಾ ಕ್ರಾಸ್ತಾ
ಅಸುರನನ್ನು ಮಾಡಿದವಳು